ಆನೆಯ ಚಿತ್ರವನ್ನು ತಿದ್ದಿದ ಹುಡುಗಿ: ಚಿತ್ರಪುಸ್ತಕ ಮತ್ತು ಆತ್ಮವಿಶ್ವಾಸದ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಎರಡನೆಯ ತರಗತಿ ಓದುತ್ತಿದ್ದ ಹುಡುಗಿಯೊಬ್ಬಳದು. ಆಗ ಅವಳಿಗೆ ಏಳು ವರ್ಷ. ತಂದೆತಾಯಿ ಕಾಫಿ ತೋಟದ ಕಾರ್ಮಿಕರು, ವಾಸ ಕಾರ್ಮಿಕರಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಮನೆಯೊಳಗೆ ತಮಿಳು, ಅಕ್ಕಪಕ್ಕದ ಮಕ್ಕಳೊಡನೆ ಆಟಕ್ಕೆ ಕನ್ನಡ. ಎರಡೂ ಅವಳಿಗೆ ಸಲೀಸು. ಆದರೂ ಶಾಲೆಗೆ ಸೇರಿ ಒಂದು ವರ್ಷ ಕಳೆದ ಮೇಲೂ ತರಗತಿಯಲ್ಲಿ ಅವಳು ಬಾಯಿಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ನಾನು ಆ ಶಾಲೆಯ ನಲಿಕಲಿ ಕೊಠಡಿಯ ಶಿಕ್ಷಕಿ. ಮಗುವಿನ, ಊರಿನ, ಶಾಲೆಯ ಹೆಸರುಗಳನ್ನು ಇಲ್ಲಿ ಬೇಕೆಂದೇ ಕೊಟ್ಟಿಲ್ಲ.

ಹಾಜರಿ ಕೂಗಿದಾಗ ಕೈ ಎತ್ತುತ್ತಿದ್ದಳು. ಹವಾಮಾನ ನಕ್ಷೆಯಲ್ಲಿ ಮೋಡವನ್ನೋ ಮಳೆಯನ್ನೋ ತಪ್ಪಿಲ್ಲದೆ ಗುರುತಿಸುತ್ತಿದ್ದಳು. ಕಾರ್ಡುಗಳನ್ನು ಹೊಂದಿಸುವುದು, ಅಕ್ಷರ ತಿದ್ದುವುದು, ಕಲ್ಲಿಟ್ಟು ಎಣಿಸುವುದು ಎಲ್ಲವನ್ನೂ ಮಾಡುತ್ತಿದ್ದಳು. ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಂತೆ ತೋರಿಸುವ ಕಲಿಕಾ ಏಣಿಯಲ್ಲಿ ಓದಿ ಹೇಳಬೇಕಾದ ಮೆಟ್ಟಿಲು ಬಂದರೆ ಮಾತ್ರ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತ ನಿಂತುಬಿಡುತ್ತಿದ್ದಳು. ನಲಿಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂದದ್ದು. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗಳಾಗಿ ಕುಳಿತು ತಮ್ಮತಮ್ಮ ವೇಗದಲ್ಲಿ ಮುಂದೆ ಸಾಗುವ ಈ ವ್ಯವಸ್ಥೆಯಲ್ಲಿ ಮೌನವಾಗಿರುವ ಮಗು ಯಾರ ಕಣ್ಣಿಗೂ ಬೀಳದೆ ಬಹುಕಾಲ ಕಳೆದುಬಿಡಬಹುದು. ಕೈಕೆಲಸವೆಲ್ಲ ಸರಿಯಾಗಿರುವುದರಿಂದ ಮಗು ಹಿಂದುಳಿದಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ.

ಪುಸ್ತಕದ ಮಾತಿಗೆ ಮೊದಲು ಬೇರೆ ಕಾರಣಗಳನ್ನು ನೋಡಬೇಕಿತ್ತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ನಡೆಸಿದ ತಪಾಸಣೆಯಲ್ಲಿ ಕಿವಿಯಲ್ಲಾಗಲಿ ನಾಲಿಗೆಯಲ್ಲಾಗಲಿ ತೊಂದರೆ ಕಾಣಲಿಲ್ಲ. ತಂದೆಯನ್ನು ಕೇಳಿದರೆ, "ಮನೇಲಿ ಇವಳ ಬಾಯಿ ಮುಚ್ಚಿಸೋದೇ ಕಷ್ಟ ಮೇಡಂ" ಎಂದರು. ಮನೆಯಲ್ಲಿ ಧಾರಾಳವಾಗಿ ಮಾತನಾಡುವ ಮಗು ಶಾಲೆಯಂಥ ನಿರ್ದಿಷ್ಟ ಸ್ಥಳದಲ್ಲಿ ಮಾತ್ರ ಸತತವಾಗಿ ಮೌನವಾಗಿರುವ ಸ್ಥಿತಿಯನ್ನು ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಆತಂಕದ ಸಮಸ್ಯೆಗಳ ಸಾಲಿಗೆ ಸೇರಿಸಿದೆ. ಅದು ಕನಿಷ್ಠ ಒಂದು ತಿಂಗಳಾದರೂ ಇರಬೇಕು, ಶಾಲೆಗೆ ಸೇರಿದ ಮೊದಲ ತಿಂಗಳ ಸಂಕೋಚವನ್ನು ಲೆಕ್ಕಕ್ಕೆ ಹಿಡಿಯಬಾರದು, ಭಾಷೆ ಬಾರದಿರುವುದೇ ಕಾರಣವಾಗಿರಬಾರದು ಎಂಬ ಷರತ್ತುಗಳೂ ಅಲ್ಲಿವೆ. ಈ ಹುಡುಗಿಗೆ ಆ ಹೆಸರು ಹಚ್ಚುವ ಅಧಿಕಾರ ಶಿಕ್ಷಕಿಗಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ಎಂದು ಹೇಳಿದ್ದಾಯಿತು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ತೋಟದಿಂದ ಸಕಲೇಶಪುರ ತಲುಪುವುದು ಬೇರೆ. ಒಂದು ದಿನದ ಕೂಲಿ ಬಿಡಬೇಕಾದ ತಂದೆತಾಯಿ "ಕುಯ್ಲು ಮುಗೀಲಿ" ಎಂದದ್ದರಲ್ಲಿ ಉದಾಸೀನವೇನೂ ಇರಲಿಲ್ಲ.

ಧೈರ್ಯ ಹೇಳುವ ಪುಸ್ತಕಗಳು

ಕೊಠಡಿಯ ಓದುವ ಮೂಲೆಯಲ್ಲಿ ಆಗ ಇದ್ದ ಚಿತ್ರಪುಸ್ತಕಗಳಲ್ಲಿ ಅರ್ಧದಷ್ಟು ಇಂಥ ಮಕ್ಕಳಿಗೆಂದೇ ಬರೆದವು. ಅವುಗಳ ಕಥೆ ಹೆಚ್ಚೂಕಡಿಮೆ ಒಂದೇ. ಅಂಜುಬುರುಕ ಮೊಲವೊಂದೋ ಮರಿಹಕ್ಕಿಯೊಂದೋ ಇರುತ್ತದೆ, ಎಲ್ಲರೂ ಅದನ್ನು ನೋಡಿ ನಗುತ್ತಾರೆ, ಒಂದು ಆಪತ್ತು ಬರುತ್ತದೆ, ಮೊಲ ಧೈರ್ಯ ತೋರುತ್ತದೆ, ಕೊನೆಯ ಪುಟದಲ್ಲಿ ಕಾಡೆಲ್ಲ ಸೇರಿ ಚಪ್ಪಾಳೆ ತಟ್ಟುತ್ತದೆ, ಅದರ ಕೆಳಗೆ ದಪ್ಪಕ್ಷರದಲ್ಲಿ ನೀತಿ. ಈ ಪುಸ್ತಕಗಳನ್ನು ಅವಳ ಗುಂಪಿಗೆ ಓದಿ ಹೇಳಿದಾಗ ಉಳಿದ ಮಕ್ಕಳು ಖುಷಿಪಟ್ಟರು. ಅವಳು ಚಿತ್ರಗಳನ್ನು ನೋಡಿದಳು, ಪುಸ್ತಕ ಮುಚ್ಚಿ ಜಾಗದಲ್ಲಿಟ್ಟಳು. ಅಷ್ಟರಲ್ಲಿ ಮುಗಿಯಿತು.

ಇದರಲ್ಲಿ ಆಶ್ಚರ್ಯವಿಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ, ಒಂದು ಕೆಲಸ ತನ್ನಿಂದ ಆಗುತ್ತದೆ ಎಂಬ ನಂಬಿಕೆ ಮನುಷ್ಯನಿಗೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಾಲ್ಕು ಮೂಲಗಳನ್ನು ಹೇಳಿದರು. ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರ ಒತ್ತಾಸೆಯ ಮಾತು, ಮತ್ತು ಆ ಹೊತ್ತಿನಲ್ಲಿ ಎದೆ ಬಡಿತವೋ ಬೆವರೋ ಏನನ್ನು ಹೇಳುತ್ತಿದೆ ಎಂಬ ದೇಹದ ಸ್ಥಿತಿ. ಇವುಗಳಲ್ಲಿ ಮೊದಲನೆಯದಕ್ಕೆ ಬಲ ಹೆಚ್ಚು. ಬರಿಯ ಮಾತಿನ ಒತ್ತಾಸೆಯಿಂದ ಬಂದ ನಂಬಿಕೆ ಮೊದಲ ಸೋಲಿಗೇ ಕುಸಿಯಬಹುದು. ನೀತಿ ಹೇಳುವ ಚಿತ್ರಪುಸ್ತಕ, ಎಷ್ಟೇ ಬಣ್ಣದ್ದಾದರೂ, ಒತ್ತಾಸೆಯ ಮಾತಿನ ಸಾಲಿಗೇ ಸೇರುತ್ತದೆ. ಎರಡನೆಯ ಮೂಲವಾದ "ತನ್ನಂಥವರು" ಎಂಬುದೂ ಅಲ್ಲಿ ಗಟ್ಟಿಯಾಗಿರುವುದಿಲ್ಲ, ಏಕೆಂದರೆ ಬೇಲಿಯ ಮೊಲ ಲೈನ್ ಮನೆಯ ಹುಡುಗಿಗೆ ಎಷ್ಟರಮಟ್ಟಿಗೆ ತನ್ನಂಥದ್ದು ಎನ್ನುವುದು ಪುಸ್ತಕ ಬರೆದವರ ಊಹೆ ಅಷ್ಟೆ. ಇನ್ನೊಂದು ತೊಡಕನ್ನು ನಾನು ಹೆಚ್ಚು ಗಂಭೀರವಾಗಿ ಪರಿಗಣಿಸುತ್ತೇನೆ. ಇಂಥ ಕಥೆಯಲ್ಲಿ ಹೇಳಬೇಕಾದ್ದನ್ನೆಲ್ಲ ಪುಸ್ತಕವೇ ಹೇಳಿ ಮುಗಿಸಿರುವುದರಿಂದ, ಕೇಳುವ ಮಗುವಿಗೆ ಒಪ್ಪುವುದೊಂದನ್ನು ಬಿಟ್ಟು ಬೇರೆ ಕೆಲಸ ಉಳಿದಿರುವುದಿಲ್ಲ.

ಆನೆಯ ಪುಟ

ಆದ್ದರಿಂದ ಓದುವ ಕ್ರಮ ಬದಲಾಯಿತು. ಮೂರು ನಾಲ್ಕು ಮಕ್ಕಳ ಗುಂಪು. ಪುಟದ ಅಕ್ಷರಗಳ ಮೇಲೆ ಕಾಗದದ ಪಟ್ಟಿ. ಮೊದಲು ಚಿತ್ರ, ಮಕ್ಕಳ ಮಾತೆಲ್ಲ ಮುಗಿದ ಮೇಲೆ ಪಟ್ಟಿ ತೆಗೆದು ಓದು. ಕೇಳುವುದು ಒಂದೇ ಪ್ರಶ್ನೆ, "ಇಲ್ಲೇನು ನಡೀತಿದೆ?" ಕೇಳಿದ ಮೇಲೆ ಕಾಯುವುದು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೂ ಸಾಕು, ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುತ್ತಿದ್ದವರೂ ಬಾಯಿಬಿಡುತ್ತಾರೆ ಎಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿಯೇ ತೋರಿಸಿದ್ದರು. ಓದಿ ತಿಳಿಯಲು ಇದು ಸುಲಭ. ನಲಿಕಲಿ ಕೊಠಡಿಯಲ್ಲಿ ಇನ್ನೊಂದು ಗುಂಪು "ಮಿಸ್, ಮುಗೀತು" ಎಂದು ಸೆರಗು ಎಳೆಯುತ್ತಿರುವಾಗ ಮೂರು ಸೆಕೆಂಡು ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು.

ಆ ದಿನದ ಪುಸ್ತಕವೂ ಧೈರ್ಯದ ಪುಸ್ತಕವೇ. ಒಂದು ಪುಟದಲ್ಲಿ ಹೂವಿನ ಫ್ರಾಕು ತೊಟ್ಟ ಹುಡುಗಿಯೊಬ್ಬಳು ಕಾಡಂಚಿನಲ್ಲಿ ನಿಂತ ಮರಿಯಾನೆಯ ಬಳಿಗೆ ಕೈಚಾಚಿ ಓಡುತ್ತಿದ್ದಾಳೆ. ಆನೆಯ ಬಣ್ಣ ತಿಳಿನೀಲಿ, ಕಣ್ಣಿಗೆ ಉದ್ದ ರೆಪ್ಪೆ. ಅಕ್ಷರ ಮುಚ್ಚಿತ್ತು. ಗುಂಪಿನ ಹುಡುಗನೊಬ್ಬ "ಆನೆ ಜೊತೆ ಆಟ ಆಡಕ್ಕೆ ಹೋಗ್ತಾವ್ಳೆ" ಎಂದ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅವಳು, ನನ್ನತ್ತ ನೋಡದೆ, ಚಿತ್ರದ ಹುಡುಗಿಯ ಮೇಲೆ ಬೆರಳಿಟ್ಟು ಹೇಳಿದಳು: "ಆನೆ ತಾವ ಹಂಗೆ ಹೋಗ್ಬಾರ್ದು."

"ಮರಿ ಕಣೇ ಅದು," ಎಂದ ಹುಡುಗ.

"ಮರಿ ಇದ್ರೆ ಇನ್ನೂ ಹೋಗ್ಬಾರ್ದು. ಅಮ್ಮ ಹಿಂದೇನೇ ಇರ್ತದೆ."

ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳನ್ನು ಬಲ್ಲವರಿಗೆ ಈ ಮಾತಿನ ತೂಕವನ್ನು ವಿವರಿಸಬೇಕಾಗಿಲ್ಲ. ಕಾಫಿ ತೋಟಗಳ ನಡುವೆಯೇ ಕಾಡಾನೆಗಳು ಓಡಾಡುವ, ಅವುಗಳಿಂದ ಜನ ಸತ್ತಿರುವ, ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಅರಣ್ಯ ಇಲಾಖೆಯ ಮೊಬೈಲ್ ಸಂದೇಶ ನೋಡುವ ನೆಲ ಇದು. ಭೀಮ ಎಂದು ಜನ ಹೆಸರಿಟ್ಟು ಕರೆಯುವ ಸಲಗ ಇಲ್ಲಿನ ಮಕ್ಕಳ ಮಾತಿನಲ್ಲಿ ನೆಂಟರ ಹೆಸರಿನಷ್ಟೇ ಸಹಜವಾಗಿ ಬರುತ್ತದೆ. ಇಲ್ಲಿ ಆನೆಗೆ ಹೆದರುವುದು ಅಂಜುಬುರುಕುತನವಲ್ಲ; ಅದು ಬದುಕಿ ಉಳಿಯಲು ಬೇಕಾದ ತಿಳಿವಳಿಕೆ. ಹೆದರಬೇಡ, ಹತ್ತಿರ ಹೋಗು, ಎಲ್ಲರೂ ಸ್ನೇಹಿತರೇ ಎಂಬ ಪಾಠ ಬೇರೆ ಊರಿನಲ್ಲಿ ನಿರುಪದ್ರವಿಯಾಗಿರಬಹುದು; ಈ ತಾಲ್ಲೂಕಿನ ಏಳು ವರ್ಷದ ಮಗುವಿಗೆ ಅದು ಅಪಾಯದ ಪಾಠ. ಆ ಪುಟವನ್ನು ಆ ಹುಡುಗಿ ನನಗಿಂತ ಚೆನ್ನಾಗಿ ಓದಿದ್ದಳು.

ಅವಳು ಮಾತನಾಡಿದ್ದೇಕೆ ಎಂಬುದನ್ನು ಬಿಡಿಸಿ ನೋಡಿದರೆ ಎರಡು ಸಂಗತಿಗಳು ಕಾಣುತ್ತವೆ. ಮೊದಲನೆಯದು, ಹೇಳಲೇಬೇಕಾದ ಮಾತು ಅವಳಲ್ಲಿ ಇತ್ತು. ಓದಿ ಹೇಳು ಎಂದಾಗ ಸರಿ ಉತ್ತರ ನನ್ನಲ್ಲಿರುತ್ತದೆ, ಅವಳು ಅದಕ್ಕೆ ಹೊಂದಬೇಕಾಗುತ್ತದೆ. ಇಲ್ಲಿ ಸರಿ ಉತ್ತರ ಅವಳಲ್ಲಿತ್ತು, ತಪ್ಪು ಪುಸ್ತಕದಲ್ಲಿತ್ತು. ಎರಡನೆಯದು ಮುಚ್ಚಿದ ಅಕ್ಷರ. ಅದು ಕಾಣುತ್ತಿದ್ದರೆ, ಓದಬಲ್ಲ ಮಗುವೊಂದು ಕಥೆ ಹೀಗೇ ಇದೆ ಎಂದು ಓದಿಬಿಡುತ್ತಿತ್ತು, ಅಚ್ಚಾದ ಮಾತಿನ ಮುಂದೆ ಅವಳ ಮಾತು ನಿಲ್ಲುತ್ತಿರಲಿಲ್ಲ.

ಮಕ್ಕಳ ಪುಸ್ತಕಗಳು ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂದು ಅಮೆರಿಕದ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದ ಮಾತು ಈಗ ಶಿಕ್ಷಕರ ತರಬೇತಿಗಳಲ್ಲಿಯೂ ಕೇಳಿಬರುತ್ತದೆ. ಮಗು ತನ್ನ ಬದುಕನ್ನು ಪುಸ್ತಕದಲ್ಲಿ ಕಾಣಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಈ ಪ್ರಕರಣದಲ್ಲಿ ಕೆಲಸ ಮಾಡಿದ್ದು ಸೊಟ್ಟ ಬಿಂಬ. ತೋಟದ ಬದುಕನ್ನು ಕರಾರುವಾಕ್ಕಾಗಿ ಬರೆದ ಪುಸ್ತಕ ಸಿಕ್ಕಿದ್ದರೆ ಅವಳು ಬಹುಶಃ ಸುಮ್ಮನೆ ನೋಡಿ ಮುಚ್ಚಿಡುತ್ತಿದ್ದಳೇನೋ. ಇದನ್ನು ಕೆಟ್ಟ ಪುಸ್ತಕಗಳ ಪರವಾದ ವಾದವೆಂದು ಯಾರೂ ತಿಳಿಯಬಾರದು. ಮಗುವಿಗೆ ತಿದ್ದುವ ಅವಕಾಶ ಕೊಡುವ ಓದಿನ ಪರವಾದ ವಾದವೆಂದು ತಿಳಿದರೆ ಸಾಕು.

ಅವಳು ಮಾತನಾಡಿದಾಗ ಶಭಾಷ್ ಎನ್ನಲಿಲ್ಲ, ಚಪ್ಪಾಳೆ ತಟ್ಟಿಸಲಿಲ್ಲ. ಹೊಗಳಿಕೆಯ ಬಗ್ಗೆ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, "ನೀನು ಜಾಣ" ಎಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಸೋಲು ಎದುರಾದಾಗ, ಪ್ರಯತ್ನಕ್ಕಾಗಿ ಹೊಗಳಿಸಿಕೊಂಡವರಿಗಿಂತ ಬೇಗ ಕೈಚೆಲ್ಲಿದ್ದು ಕಂಡುಬಂದಿತ್ತು. ಮಾತಿಗೇ ಅಂಜುವ ಮಗುವಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು: ಎಲ್ಲರ ಕಣ್ಣೂ ತನ್ನ ಮೇಲೆ ಬೀಳುವುದನ್ನೇ ಆ ಮಗು ತಪ್ಪಿಸಿಕೊಳ್ಳುತ್ತಿರುತ್ತದೆ, ನಮ್ಮ ಚಪ್ಪಾಳೆ ಆ ಕಣ್ಣುಗಳನ್ನು ಕರೆದು ತೋರಿಸುತ್ತದೆ. ಆದ್ದರಿಂದ ಅವಳ ಮಾತಿಗೆ ಮಾತೇ ಉತ್ತರವಾಯಿತು. "ಅಮ್ಮ ಹಿಂದೆ ಇರತ್ತೆ ಅಂತ ಹೆಂಗೆ ಗೊತ್ತಾಗತ್ತೆ?" ಎಂದು ಕೇಳಿದೆ. ಅದಕ್ಕೆ ಅವಳು ಉತ್ತರ ಕೊಡಲಿಲ್ಲ, ಹುಡುಗ ಕೊಟ್ಟ. ನಾವು ಮುಂದಿನ ಪುಟಕ್ಕೆ ಹೋದೆವು.

ಮಕ್ಕಳೇ ಮಾಡಿದ ಪುಸ್ತಕ

ಕೊನೆಗೆ ಪಟ್ಟಿ ತೆಗೆದು ಅಚ್ಚಾದ ಕಥೆಯನ್ನು ಓದಿದಾಗ ಗುಂಪು ಅದನ್ನು ಒಪ್ಪಲಿಲ್ಲ. ಹಾಗಾದರೆ ಸರಿಯಾದದ್ದನ್ನು ನೀವೇ ಬರೆಯಿರಿ ಎಂಬಲ್ಲಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ, ಮಡಿಸಿ ಹೊಲಿದ ಎಂಟು ಪುಟಗಳ ಪುಸ್ತಕವೊಂದು ತಯಾರಾಗತೊಡಗಿತು. ಆನೆ ಬಂದಾಗ ಏನು ಮಾಡುತ್ತಾರೆ ಎಂಬುದೇ ವಿಷಯ. ಮಕ್ಕಳು ಚಿತ್ರ ಬರೆಯುವುದು, ಅವರು ಹೇಳಿದ ಮಾತನ್ನು ಅವರದೇ ಆಡುಮಾತಿನಲ್ಲಿ ಚಿತ್ರದ ಕೆಳಗೆ ನಾನು ಬರೆಯುವುದು. ಗ್ರಾಂಥಿಕ ಕನ್ನಡಕ್ಕೆ ತಿದ್ದದೆ ಬರೆದದ್ದಕ್ಕೆ ಆಮೇಲೆ ಆಕ್ಷೇಪ ಬಂತು. ಆದರೆ ತಾನು ಆಡಿದ ಮಾತೇ ಅಕ್ಷರವಾಗಿ ಕುಳಿತಿರುವುದನ್ನು ಮಗು ಕಂಡು ಗುರುತಿಸುವುದು ಆ ಪುಸ್ತಕದ ಉದ್ದೇಶಗಳಲ್ಲಿ ಮುಖ್ಯವಾದದ್ದು. ಶಿಷ್ಟ ಬರವಣಿಗೆಯನ್ನು ಕಲಿಸಲು ಪಠ್ಯಪುಸ್ತಕವಿದೆ.

ಈ ಕೆಲಸದ ನಡುವೆ ಅವಳ ಮಾತು ಹೆಚ್ಚಿತು, ಮತ್ತು ಹೆಚ್ಚಿದ್ದೆಲ್ಲ ತಿದ್ದುಪಡಿಯ ರೂಪದಲ್ಲಿ. ಒಬ್ಬ ಹುಡುಗ ಕಾಫಿ ಹಣ್ಣು ಕುಯ್ಯುವ ಹೆಂಗಸಿನ ತಲೆಯ ಮೇಲೆ ಬುಟ್ಟಿ ಬರೆದಿದ್ದ; ಅವಳು ಅದನ್ನು ಅಳಿಸಿ ಸೊಂಟಕ್ಕೆ ಚೀಲ ಕಟ್ಟಿದಳು, ಎರಡು ಕೈಯೂ ಗಿಡದ ಮೇಲಿರಬೇಕು ಎಂದಳು. ಅವನು ಗಿಡದ ಹಣ್ಣುಗಳಿಗೆಲ್ಲ ಕೆಂಪು ಬಣ್ಣ ಹಚ್ಚಿದ್ದ. "ಎಲ್ಲಾ ಒಂದೇ ಸಲ ಹಣ್ಣಾಗಲ್ಲ" ಎಂದು ನಡುನಡುವೆ ಹಸಿರು ತುಂಬಿದಳು. ಅರೇಬಿಕಾ ಗಿಡದಿಂದ ಮಾಗಿದ ಹಣ್ಣನ್ನಷ್ಟೇ ಆರಿಸಿ ಹಲವು ಸುತ್ತು ಕುಯ್ಯುವುದನ್ನು ತಾಯಿಯ ಹಿಂದೆ ಓಡಾಡಿ ಕಂಡ ಮಗು ಅದು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ಫೋನಿನಲ್ಲಿ ಬಂದ ಸಂದೇಶ ನೋಡಿ ಇವತ್ತು ಆ ಬ್ಲಾಕಿಗೆ ಯಾರೂ ಹೋಗಬೇಡಿ ಎನ್ನುವ ಪುಟವನ್ನು ಹೇಳಿ ಬರೆಸಿದವಳೂ ಅವಳೇ.

ಪುಸ್ತಕ ಅರ್ಧವಾಗಿದ್ದಾಗ ಮನೆಗೆ ಹೋಗಿ ಬಂತು. ತಾಯಿಗೆ ಕನ್ನಡ ಓದಲು ಬಾರದು. ಅಕ್ಷರವೇ ತುಂಬಿದ ಪುಸ್ತಕ ಆ ಮನೆಗೆ ಹೋದರೆ ಮಗುವಿನ ಕೈಯಲ್ಲೇ ಉಳಿದು ಮರಳುತ್ತದೆ. ಚಿತ್ರದ ಮುಂದೆ ಮಾತ್ರ ತಾಯಿಯೂ ಮಗಳೂ ಸಮನಾಗಿ ಕೂರಬಹುದು. ಮರುದಿನ ಹುಡುಗಿ ತಾಯಿಯ ಆಕ್ಷೇಪವೊಂದನ್ನು ಹೊತ್ತು ತಂದಳು. ಮನೆ ಹತ್ತಿರದ ಹಲಸಿನ ಹಣ್ಣಿನ ವಾಸನೆಗೆ ಆನೆ ಬರುತ್ತದೆ, ಅದಕ್ಕೇ ಹಣ್ಣಾಗುವ ಮೊದಲೇ ಕಾಯಿ ಕಿತ್ತುಹಾಕುತ್ತೇವೆ, ಅದನ್ನೇಕೆ ಬರೆದಿಲ್ಲ? ಆರನೆಯ ಪುಟದಲ್ಲಿ ಹಲಸಿನ ಮರ ಬಂತು. ಮಕ್ಕಳೊಡನೆ ಚಿತ್ರಪುಸ್ತಕವನ್ನು ಪ್ರಶ್ನೆ ಕೇಳುತ್ತ, ಮಗುವಿನ ಉತ್ತರವನ್ನು ಬೆಳೆಸುತ್ತ ಓದಿದರೆ ಮಾತು ವೃದ್ಧಿಯಾಗುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದ್ದು ಓದುಬರಹ ಬಲ್ಲ ತಂದೆತಾಯಿಗಳ ಮನೆಯಲ್ಲಿ. ಅಕ್ಷರ ಬಾರದ ಮನೆಯಲ್ಲಿಯೂ ಅದರ ತಿರುಳನ್ನು ಬಳಸಿಕೊಳ್ಳಲು ಅಡ್ಡಿಯಿಲ್ಲ ಎಂದು ಈ ಪುಟ ನೋಡಿದಾಗ ನನಗೆ ಅನ್ನಿಸಿತು.

ಪ್ರಾರ್ಥನೆಯ ಸಾಲಿನಲ್ಲಿ

ಪುಸ್ತಕ ಮುಗಿದು, ಮಕ್ಕಳ ಕೆಲಸಗಳನ್ನು ತೂಗುಹಾಕುವ ಕಲಿಕಾ ಚಪ್ಪರದ ದಾರಕ್ಕೆ ತೂಗಿದ ಮೇಲೆ ಅವಳು ಅದನ್ನು ಒಂದನೆಯ ತರಗತಿಯ ಇಬ್ಬರು ಮಕ್ಕಳಿಗೆ ತಾನಾಗಿಯೇ ಓದಿ ಹೇಳುವುದು ಕಿವಿಗೆ ಬಿತ್ತು. ದನಿ ಸಣ್ಣದು, ಆದರೆ ತಡವರಿಕೆ ಇರಲಿಲ್ಲ. ಇಲ್ಲಿಗೆ ವರದಿ ಮುಗಿಸಿದ್ದರೆ ಇದೂ ಆ ಮೊಲದ ಕಥೆಯಂತೆಯೇ ಆಗುತ್ತಿತ್ತು.

ಕೆಲವು ವಾರಗಳ ನಂತರ ಶಾಲೆಗೆ ಬಂದಿದ್ದ ಅತಿಥಿಯೊಬ್ಬರು ಪುಸ್ತಕವನ್ನು ನೋಡಿ ಮೆಚ್ಚಿ, ನಾಳೆ ಪ್ರಾರ್ಥನೆಯ ವೇಳೆ ಆ ಹುಡುಗಿಯೇ ಓದಲಿ ಎಂದರು. ಬೇಡವೆಂದು ಹೇಳಿದ್ದು ನಡೆಯಲಿಲ್ಲ. ಮರುದಿನ ಐದೂ ತರಗತಿಗಳ ಮುಂದೆ ಅವಳು ಪುಸ್ತಕ ಹಿಡಿದು ನಿಂತಳು, ಬಾಯಿ ತೆರೆಯಲಿಲ್ಲ. ಸಾಲಿನಲ್ಲಿ ಯಾರೋ "ಅವಳಿಗೆ ಬರಲ್ಲ ಸಾರ್" ಎಂದರು. ಆ ವಾರವಿಡೀ ಗುಂಪಿನಲ್ಲಿಯೂ ಅವಳು ಮಾತನಾಡಲಿಲ್ಲ, ಚಪ್ಪರದ ಪುಸ್ತಕವನ್ನು ಮುಟ್ಟಲಿಲ್ಲ.

ತನ್ನಿಂದ ಆಗುತ್ತದೆ ಎಂಬ ನಂಬಿಕೆ ಎಲ್ಲ ಕೆಲಸಕ್ಕೂ ಒಟ್ಟಾಗಿ ಬರುವುದಿಲ್ಲ, ಒಂದೊಂದು ಕೆಲಸಕ್ಕೂ ಸನ್ನಿವೇಶಕ್ಕೂ ಬೇರೆ ಬೇರೆಯಾಗಿ ಕಟ್ಟಿಕೊಳ್ಳುತ್ತದೆ ಎಂಬುದೂ ಬಂಡೂರರ ವಾದದಲ್ಲಿಯೇ ಇದೆ. ನಾಲ್ಕು ಮಕ್ಕಳ ನಡುವೆ ಚಿತ್ರ ತಿದ್ದುವ ಧೈರ್ಯ ಬಂದ ಮಾತ್ರಕ್ಕೆ ಇಡೀ ಶಾಲೆಯ ಮುಂದೆ ನಿಲ್ಲುವ ಧೈರ್ಯ ಅದರ ಹಿಂದೆಯೇ ಬರಬೇಕಾಗಿಲ್ಲ. ನಮ್ಮ ಶಾಲೆಗಳಲ್ಲಿ ಆತ್ಮವಿಶ್ವಾಸ ಎಂದರೆ ವೇದಿಕೆ ಎಂಬ ರೂಢಿ ಬೇರೂರಿದೆ. ಪ್ರತಿಭಾ ಕಾರಂಜಿಯಲ್ಲಿ ಮೈಕ್ ಹಿಡಿದ ಮಗು ಮಾತ್ರ ಧೈರ್ಯವಂತ. ಜೊತೆಯವನು ತಪ್ಪು ಹೇಳಿದಾಗ "ಹಂಗಲ್ಲ" ಎನ್ನಬಲ್ಲ ಮಗುವಿನ ಧೈರ್ಯವನ್ನು ನಮೂದಿಸಲು ಯಾವ ಪ್ರಗತಿಪತ್ರದಲ್ಲಿಯೂ ಕಾಲಂ ಇಲ್ಲ.

ಮಾತು ಮರಳಿದ್ದು ಇನ್ನೊಂದು ಪುಸ್ತಕದಿಂದ, ಅಕ್ಷರವೇ ಇಲ್ಲದ ಚಿತ್ರಕಥೆಯಿಂದ. ಅದರಲ್ಲಿ ಕಳೆದುಹೋದ ಕೋಳಿಯೊಂದು ಪ್ರತಿ ಪುಟದಲ್ಲೂ ಎಲ್ಲೋ ಅಡಗಿರುತ್ತದೆ, ಚಿತ್ರದೊಳಗಿನ ಅಜ್ಜಿಗೆ ಮಾತ್ರ ಕಾಣುವುದಿಲ್ಲ. ನೋಡುವ ಮಗುವಿಗೆ ಅಜ್ಜಿಗಿಂತ ಹೆಚ್ಚು ಗೊತ್ತಿರುತ್ತದೆ. ಮೂರನೆಯ ಪುಟದಲ್ಲಿ ಒರಳಿನ ಹಿಂದೆ ಬಾಲದ ಗರಿಯಷ್ಟೇ ಕಂಡಾಗ ಅವಳು "ಅಲ್ಲಿ" ಎಂದಳು. ಅಷ್ಟು ಸಾಕಾಗಿತ್ತು.

ಕುಯ್ಲು ಮುಗಿದ ಮೇಲೆ ತಂದೆತಾಯಿ ಅವಳನ್ನು ಹಾಸನಕ್ಕೆ ಕರೆದೊಯ್ದರು. ವೈದ್ಯರು ಔಷಧ ಕೊಡಲಿಲ್ಲ. ಸಣ್ಣ ಗುಂಪಿನ ಕೆಲಸವನ್ನು ಮುಂದುವರಿಸಿ, ಬಲವಂತ ಬೇಡ, ಮತ್ತೆ ಬಂದು ತೋರಿಸಿ ಎಂದರು.

ನನ್ನ ಸಹೋದ್ಯೋಗಿಯ ಅಭಿಪ್ರಾಯ ಬೇರೆ. ಇಂಥ ಮಕ್ಕಳನ್ನು ಅವರು ಎಷ್ಟೋ ಕಂಡಿದ್ದಾರೆ, ವಯಸ್ಸಾದಂತೆ ತಾವೇ ಬಾಯಿಬಿಡುತ್ತಾರೆ, ಪುಸ್ತಕ ಒಂದು ನೆಪ ಎನ್ನುತ್ತಾರೆ. ಒಂದೇ ಮಗುವಿನ ಪ್ರಕರಣದಿಂದ ಈ ಮಾತನ್ನು ಅಲ್ಲಗಳೆಯಲಾಗದು. ಆ ವರ್ಷ ಅವಳ ಪಕ್ಕ ಕುಳಿತಿದ್ದ ಹುಡುಗ ವಾಚಾಳಿ, ಜಗಳಗಂಟ, ಅವನಿಗೆ ಎದುರು ಹೇಳುವ ಹುರುಪೇ ಅವಳ ಮಾತಿಗೆ ಕಾರಣವಾಗಿರಲೂಬಹುದು. ಆದರೆ ಯಾವ ಪುಸ್ತಕ, ಯಾವ ಪುಟ, ಯಾವ ಗುಂಪಿನಲ್ಲಿ ಮಾತು ಬಂತು, ಎಲ್ಲಿ ನಿಂತಿತು ಎಂಬ ಕ್ರಮವನ್ನು ನೋಡಿದರೆ ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಪ್ರಾಥಮಿಕ ಶಾಲೆಗೆ ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯಡಿ ವರ್ಷಕ್ಕೆ 5,000 ರೂಪಾಯಿವರೆಗೆ ಗ್ರಂಥಾಲಯ ಅನುದಾನವಿದೆ. ಮುಂದಿನ ಖರೀದಿಗೆ ಪಟ್ಟಿ ಮಾಡುವಾಗ ಕೊನೆಯ ಪುಟದಲ್ಲಿ ಚಪ್ಪಾಳೆ ಇರುವ ಪುಸ್ತಕಗಳನ್ನು ಕಡಿಮೆ ಮಾಡಿ, ಅಕ್ಷರವಿಲ್ಲದವನ್ನೂ ಚಿತ್ರವೊಂದು ಮಾತೊಂದು ಹೇಳುವವನ್ನೂ ಸೇರಿಸಿದೆವು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದ ಕನ್ನಡ ಪುಸ್ತಕಗಳು ಮುಕ್ತ ಪರವಾನಗಿಯಲ್ಲಿರುವುದರಿಂದ ಕೆಲವನ್ನು ಮುದ್ರಿಸಿಕೊಂಡೆವು. ಅವುಗಳಲ್ಲಿ ಬೇಕಾದ ಪುಟದ ಅಕ್ಷರವನ್ನು ಅಳಿಸಿಯೇ ಮುದ್ರಿಸಬಹುದು, ಕಾಗದದ ಪಟ್ಟಿಯ ಕಾಟವಿಲ್ಲ. ತಿಳಿನೀಲಿ ಮರಿಯಾನೆಯ ಪುಸ್ತಕವನ್ನು ತೆಗೆದುಹಾಕಬೇಕೆಂದು ಸಹೋದ್ಯೋಗಿ ಹೇಳಿದರು. ಶಿಕ್ಷಕರ ಜೊತೆ ಮಾತ್ರ ಓದಬೇಕಾದ ಪುಸ್ತಕಗಳ ಪೆಟ್ಟಿಗೆಯಲ್ಲಿ ಅದನ್ನು ಉಳಿಸಿಕೊಂಡಿದ್ದೇವೆ.

ಹುಡುಗಿ ಈಗ ಮೂರನೆಯ ತರಗತಿಯಲ್ಲಿದ್ದಾಳೆ. ಹಾಜರಿಗೆ ಈಗಲೂ ಕೈಯನ್ನೇ ಎತ್ತುತ್ತಾಳೆ. ಗುಂಪಿನಲ್ಲಿ ಓದಿ ಹೇಳುತ್ತಾಳೆ, ಎದ್ದು ನಿಂತು ಹೇಳುವುದಿಲ್ಲ. ಬರುವ ಜೂನ್‌ನಲ್ಲಿ ನಲಿಕಲಿ ಕೊಠಡಿ ಬಿಟ್ಟು, ಬೆಂಚುಗಳ ಸಾಲಿನಲ್ಲಿ ಕೂರುವ ನಾಲ್ಕನೆಯ ತರಗತಿಗೆ ಹೋಗುತ್ತಾಳೆ. ಆ ತರಗತಿಯ ಶಿಕ್ಷಕರಿಗಾಗಿ ಅವಳ ಕಡತದಲ್ಲಿ ಈ ಟಿಪ್ಪಣಿಯನ್ನು ಸೇರಿಸಿದ್ದೇನೆ: ಮೊದಲ ತಿಂಗಳು ಎದ್ದು ನಿಲ್ಲಿಸಿ ಓದಿಸಬೇಡಿ; ಪಾಠದ ಚಿತ್ರದಲ್ಲಿ ಏನಾದರೂ ತಪ್ಪಿದೆಯೇ ಎಂದು ಅವಳ ಬೆಂಚಿನ ಹತ್ತಿರ ಹೋಗಿ ಕೇಳಿ, ಉತ್ತರಕ್ಕೆ ಕಾಯಿರಿ.